ಪುದಿಯಾಪ್ಲೆಯ ಸ್ವಂತ ಮನೆ

ಸಮಸ್ತ ಬಂಧುಮಿತ್ರರಿಗೂ, ಉಚ್ಚಿಲ ಪೇಟೆಯ ವರ್ತಕರಿಗೂ, ಹೆದ್ದಾರಿಯಲ್ಲಿ ಹೋಗಿಬರುವ ಸಕಲ ಬಸ್ಸು, ಲಾರಿ, ಮೀನಿನ ಟೆಂಪೊಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಶ್ರೀ ಉಸ್ಮಾನ್ ಅವರ ಬಾಗಿಲು ಬಲಗಡೆಯಿಂದ ಎಡಗಡೆಗೆ ಬಂದಿದೆ. ತಕರಾರು ಇದ್ದವರು ಏಳು ದಿನಗಳೊಳಗೆ ಹೇಳಿಕೊಳ್ಳತಕ್ಕದ್ದು.

ಈ ಪ್ರಕಟಣೆ ಯಾವ ಪೇಪರಿನಲ್ಲೂ ಬರಲಿಲ್ಲ. ಬೆಳಿಗ್ಗೆ ಆರೂವರೆಗೆ ಹೆಂಡತಿಯ ಮನೆಯ ಜಗಲಿಯಲ್ಲಿ ಕೂತು, ಅಂಗಳದಲ್ಲಿ ನಿಂತಿದ್ದ ತನ್ನ ಟ್ರೈಲರನ್ನು ನೋಡುತ್ತ ಉಸ್ಮಾನ್ ಮನಸ್ಸಿನಲ್ಲೇ ಅದನ್ನು ಓದಿ, ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿಕೊಂಡ. ಎರಡು ಚಕ್ರದ ಮೇಲೆ ಬಿಳಿ ತಗಡಿನ ಒಂದು ಕೋಣೆ. ಒಳಗೆ ಮಲಗುವ ಜಾಗ, ಒಂದು ಒಲೆ, ಒಂದು ಸಿಂಕು. ಮುಂದೆ ಜೀಪಿಗೆ ಸಿಕ್ಕಿಸಲು ಕಬ್ಬಿಣದ ಕೊಕ್ಕೆ. ಕಾರ್ಕಳದ ಹತ್ತಿರ ಲಾರಿಗಳ ಬಾಡಿ ಕಟ್ಟುವ ಸುಂದರ ಆಚಾರಿ ಇದನ್ನು ಕಟ್ಟಿಕೊಟ್ಟಿದ್ದ. ಇಪ್ಪತ್ತಾರು ವರ್ಷ ಅಬುಧಾಬಿಯಲ್ಲಿದ್ದ ಉಸ್ಮಾನ್ ಶುಕ್ರವಾರಗಳಂದು ಕಂಪನಿ ಬಸ್ಸಿನ ಕಿಟಕಿಯಿಂದ ಮರಳುಗಾಡಿನ ಪಾರ್ಕುಗಳಲ್ಲಿ ಇಂಥವನ್ನು ಎಷ್ಟು ನೋಡಿದ್ದನೆಂದರೆ, ಆಚಾರಿಗೆ ಕಣ್ಣು ಮುಚ್ಚಿ ನಕ್ಷೆ ಹೇಳಿದ. ಕಣ್ಣು ಮುಚ್ಚಿದ್ದೇ ತಪ್ಪಾಯಿತು. ಅಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ, ಬಾಗಿಲೂ ಬಲಕ್ಕೆ. ಇಲ್ಲಿ ಮೊದಲ ಸಲ ರಸ್ತೆ ಬದಿಗೆ ನಿಲ್ಲಿಸಿ ಠೀವಿಯಿಂದ ಬಾಗಿಲು ತೆರೆದಾಗ ಅದು ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಿನ ಮುಖಕ್ಕೆ ತೆರೆದುಕೊಂಡಿತ್ತು. ಕಂಡಕ್ಟರ್ ಉಸ್ಮಾನನ ವಂಶದ ಬಗ್ಗೆ ಅರ್ಧ ಕಿಲೋಮೀಟರು ಉದ್ದಕ್ಕೂ ಮಾತಾಡುತ್ತ ಹೋದ. "ನೀವು ಹೇಳಿದಲ್ಲಿಯೇ ಇಟ್ಟದ್ದು ಉಸ್ಮಾನಾಕ," ಅಂದಿದ್ದ ಆಚಾರಿ, "ನಾನು ಕೇಳಿದೆ, ಎಡವಾ ಬಲವಾ ಅಂತ. ನೀವು ಅಬುಧಾಬಿಯಿಂದಲೇ ಉತ್ತರ ಕೊಟ್ಟಿರಿ." ಎಡವಟ್ಟಾದದ್ದು ಬಲಗಡೆಯಲ್ಲಿ. ಅದನ್ನು ಎಡಗಡೆಗೆ ತರಲು ಎರಡು ತಿಂಗಳಾಯಿತು.

ಒಳಗಿನಿಂದ ಅತ್ತೆ ರುಕಿಯಮ್ಮನ ಸ್ವರ ಕೇಳಿತು. "ಪುದಿಯಾಪ್ಲೆಗೆ ಚಾ ಕೊಟ್ಟಾಯ್ತಾ?" ಎಂಬತ್ತೈದರ ಮುದುಕಿಗೆ ಕಣ್ಣು ಮಬ್ಬು, ಕಿವಿ ಮಂದ, ಆದರೆ ಅಳಿಯನ ಚಹಾದ ಹೊತ್ತು ಮಾತ್ರ ನಿಖರ. ಈ ಮನೆಯ ಪದ್ಧತಿಯಲ್ಲಿ ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಬಂದು ಇರುವುದು. ಬಂದವನು ಪುದಿಯಾಪ್ಲೆ, ಹೊಸ ಮದುಮಗ. ಉಸ್ಮಾನನಿಗೆ ಅರವತ್ತೊಂದು ತುಂಬಿದೆ, ಎರಡು ಹಲ್ಲು ಹೋಗಿವೆ, ಮೊಣಕಾಲಿಗೆ ಎಣ್ಣೆ ಬೇಕು, ಆದರೂ ಹೊಸಬ. ಅಳಿದವರು ಅಳಿದರು, ಅಳಿಯ ಮಾತ್ರ ಅಳಿಯದೆ ಅಳಿಯನಾಗಿಯೇ ಉಳಿದ. ಅವನಿಗೆ ಬೇರೆ ಗಾಜಿನ ಲೋಟ, ತಟ್ಟೆಯ ಮೇಲೆ. ಬೇರೆ ಟವೆಲು. ಕೋಳಿ ಮಾಡಿದ ದಿನ ಮೊದಲ ತೊಡೆ. ಊಟ ಮುಗಿಸಿ ಬಟ್ಟಲು ಎತ್ತಿದರೆ ಅಡುಗೆಮನೆಯಿಂದ ಮೂರು ಹೆಂಗಸರು ಒಟ್ಟಿಗೆ ಓಡಿ ಬರುತ್ತಾರೆ, ಅವನು ಬಟ್ಟಲನ್ನು ಕದಿಯುತ್ತಿದ್ದಾನೋ ಎಂಬಂತೆ. ವಾಪಸು ಬಂದ ಮೊದಲ ವಾರ ಉಗುರು ತೆಗೆಯಲು ಕತ್ತರಿ ಎಲ್ಲಿದೆ ಅಂತ ಕೇಳಿದ್ದ. ಮನೆಯೆಲ್ಲ ಸ್ತಬ್ಧ. "ಅಯ್ಯೋ, ಹೇಳಿದ್ದರೆ ತಂದು ಕೊಡ್ತಿದ್ದೆವಲ್ಲ!" ಅಂತ ಹೆಂಡತಿ ಜುವೈರಿಯಾ ಓಡಿದ್ದಳು. ಕತ್ತರಿ ಬಂತು; ಕತ್ತರಿ ಇರುವ ಜಾಗ ಯಾವುದೆಂದು ಈವತ್ತಿಗೂ ಗೊತ್ತಿಲ್ಲ. ಮಗಳು ನೌಶೀನಳ ಗಂಡ ಶಮೀರ್ ಬಂದ ದಿನವಂತೂ ಎರಡು ತಲೆಮಾರಿನ ಹೊಸ ಮದುಮಗಂದಿರು ಎದುರುಬದುರು ಕೂರುತ್ತಾರೆ. "ತಿನ್ನಿ ಮಾಮ," ಅನ್ನುತ್ತಾನೆ ಅವನು. "ನೀನು ತಿನ್ನು," ಅನ್ನುತ್ತಾನೆ ಇವನು. ಹೇಳುವ ಹಕ್ಕು ಇಬ್ಬರಿಗೂ ಇಲ್ಲ. ಇಬ್ಬರೂ ಪರಸ್ಪರರ ತೊಡೆ ತುಂಡನ್ನು ನೋಡುತ್ತ ಕೂರುತ್ತಾರೆ.

ಆದ್ದರಿಂದ ಟ್ರೈಲರು. ಯಾರಿಗೂ ಹೇಳದ, ಹೇಳಿದರೆ ನಗುವಂಥ ಒಂದೇ ಆಸೆ ಅದರ ಹಿಂದೆ ಇತ್ತು: ಒಂದು ರಾತ್ರಿ ಜುವೈರಿಯಾ ತನ್ನ ಮನೆಗೆ ಬರಬೇಕು. ಅವಳು ಕುರ್ಚಿಯಲ್ಲಿ ಕಾಲು ಚಾಚಿ ಕೂರಬೇಕು. ತಾನು ಚಹಾ ಮಾಡಿ ತಂದು, ಬೇಡ ಬೇಡ ಅಂದರೂ ಲೋಟ ಕಸಿದುಕೊಂಡು ತೊಳೆಯಬೇಕು. ಅವಳಿಗೆ ಸಕ್ಕರೆ ಎಲ್ಲಿದೆಯೆಂದು ಗೊತ್ತಾಗಬಾರದು.

ಅವಳು ಮಾತ್ರ ಇಷ್ಟು ದಿನ ಅದರೊಳಗೆ ಕಾಲಿಟ್ಟಿರಲಿಲ್ಲ. ಬಾಗಿಲು ಬಲಕ್ಕಿದ್ದಾಗಲೇ ಮೊದಲ ಪ್ರವಾಸ ಕಾಪುವಿಗೆ. ದೀಪಸ್ತಂಭ ಕಾಣುವ ಹಾಗೆ ನಿಲ್ಲಿಸಿ, ಕಿಟಕಿಯ ಪರದೆ ಸರಿಸಿ ಉಸ್ಮಾನ್ ಹೆಂಡತಿಯನ್ನು ಕರೆಯಲು ತಿರುಗುವಷ್ಟರಲ್ಲಿ ಕಿಟಕಿಗೆ ಒಂದು ತಲೆ ಬಂತು. "ಎಂತ ಉಂಟು ತಿನ್ನಲಿಕ್ಕೆ?" ಹಿಂದೆ ಇನ್ನೂ ನಾಲ್ಕು ಜನ. ಇದು ಕ್ಯಾಂಟೀನಲ್ಲ ಅಂದರೆ ನಂಬಲಿಲ್ಲ. "ಒಲೆ ಕಾಣ್ತದಲ್ಲ ಮಾರಾಯ್ರೆ, ನಾಲ್ಕು ಆಮ್ಲೆಟ್ ಹಾಕಿ." ಜುವೈರಿಯಾ ಜೀಪಿನಿಂದ ಇಳಿಯಲೇ ಇಲ್ಲ, ಗಾಜು ಏರಿಸಿ, ಶಿರವಸ್ತ್ರದ ಅಂಚನ್ನು ಬಾಯಿಗೊತ್ತಿ ಕೂತಳು. ನಗುತ್ತಿದ್ದಳೋ ನಾಚುತ್ತಿದ್ದಳೋ ತಿಳಿಯಲಿಲ್ಲ. ಹೆಂಡತಿಯ ಮುಖ ಓದುವಷ್ಟು ಅಕ್ಷರ ಅವನು ಕಲಿತಿರಲಿಲ್ಲ, ಎರಡು ವರ್ಷಕ್ಕೊಂದು ರಜೆಯ ಶಾಲೆ ಅದು. ಎರಡನೆಯದು ಮಣಿಪಾಲದ ಎಂಡ್ ಪಾಯಿಂಟ್. ಕೆಳಗೆ ಸ್ವರ್ಣಾ ನದಿ, ಆಚೆ ಹಸಿರು. ಕಾಲೇಜು ಮಕ್ಕಳು ಒಬ್ಬರಾದ ಮೇಲೊಬ್ಬರು ಟ್ರೈಲರಿಗೆ ಒರಗಿ ಫೋಟೋ ತೆಗೆಸಿಕೊಂಡರು. ಕೊನೆಗೆ ಒಂದು ಹುಡುಗಿ ಉಸ್ಮಾನನನ್ನೇ, "ಅಂಕಲ್, ಸ್ವಲ್ಪ ಆಚೆ ನಿಲ್ತೀರಾ, ಫ್ರೇಮಿನಲ್ಲಿ ಬರ್ತೀರಿ," ಅಂದಳು. ಅವನು ಆಚೆ ನಿಂತ. ಆಮೇಲೆ ಕಾವಲುಗಾರ ಬಂದು ಇನ್ನೂ ಆಚೆ ನಿಲ್ಲಿಸಿದ. ಎಂಡ್ ಪಾಯಿಂಟು ಶುರುವಾಗುವ ಮೊದಲೇ ಎಂಡಾಯಿತು. ಅವತ್ತಿನಿಂದ ಜೀಪಿನ ಯಜಮಾನನೂ ಜುವೈರಿಯಾಳ ತಮ್ಮನೂ ಆದ ನೌಶಾದ್‌ಗೆ ಒಂದು ಮಾತು ಸಿಕ್ಕಿತು. "ಎಂತ ಭಾವ, ಬರೇ ಟ್ರೈಲರ್ ತೋರಿಸ್ತೀರಿ, ಪಿಕ್ಚರ್ ಯಾವಾಗ?"

ಆದರೆ ಮಟ್ಟುವಿನ ಸಂಜೆಯನ್ನು ಉಸ್ಮಾನ್ ಯಾರಿಗೂ ಹೇಳಿರಲಿಲ್ಲ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ನೌಶಾದ್ ಟ್ರೈಲರನ್ನು ಬಿಚ್ಚಿಟ್ಟು ಏನೋ ಕೆಲಸಕ್ಕೆ ಕಟಪಾಡಿಗೆ ಹೋಗಿದ್ದ. ಒಬ್ಬನೇ ಹಾಲಿಲ್ಲದ ಸುಲೈಮಾನಿ ಚಹಾ ಕಾಯಿಸಿ, ಮೆಟ್ಟಿಲ ಮೇಲೆ ಕೂತು ಕುಡಿದು, ಲೋಟ ತೊಳೆದ. ಯಾರೂ ಓಡಿ ಬರಲಿಲ್ಲ. ತೊಳೆದ ಲೋಟವನ್ನು ಬೋರಲು ಹಾಕಿದ. ಸ್ವಲ್ಪ ಹೊತ್ತಿನ ನಂತರ ಎತ್ತಿ ಇನ್ನೊಮ್ಮೆ ತೊಳೆದ. ತೋಳಿನಲ್ಲಿ ಕಣ್ಣು ಒರೆಸಿಕೊಂಡ. ಒಂದು ಲೋಟ ತೊಳೆದು ಅಳುವ ಗಂಡಸನ್ನು ಯಾವ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ?

"ಹೋಗುವನಾ?" ಜುವೈರಿಯಾ ಜಗಲಿಗೆ ಬಂದಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅವಳು ಬರುತ್ತೇನೆ ಅಂದದ್ದು ಮೊನ್ನೆ ಊಟ ಬಡಿಸುವಾಗ, ತಾನಾಗಿಯೇ. "ಶನಿವಾರ ಎಂತದೂ ಇಲ್ಲ. ನಿಮ್ಮ ಪಾರ್ಕಿಗೆ ಹೋಗುವುದಾದ್ರೆ ನಾನೂ ಬರ್ತೇನೆ. ರಾತ್ರಿ ನಿಲ್ಲುವುದಲ್ವಾ?" ಎಂದಿದ್ದಳು. ಹಾಗೆಂದವಳ ಕೈಯ ಸೌಟು ಅವನ ಬಟ್ಟಲಿನ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತ್ತು. ಕಾರ್ಕಳ ದಾಟಿ ಘಟ್ಟದ ಬುಡದಲ್ಲಿ ಒಂದು ಹೊಸ ಪಾರ್ಕು; ತೊರೆ, ಮರದ ಸೇತುವೆ, ರಾತ್ರಿ ಉಳಿಯಲು ಜಾಗ. ನೌಶಾದ್ ಫೋನಿನಲ್ಲಿ ಬುಕ್ ಮಾಡಿದ್ದ. ಟ್ರೈಲರನ್ನು ಅಲ್ಲಿ ಬಿಟ್ಟು ಅವನು ಬಜಗೋಳಿಯ ಗೆಳೆಯನ ಮನೆಗೆ ಹೋಗುವುದು, ನಾಳೆ ಬಂದು ಎಳೆದುಕೊಂಡು ಹೋಗುವುದು ಎಂದು ನಿಶ್ಚಯ.

ಪಡುಬಿದ್ರಿಯಲ್ಲಿ ಹೆದ್ದಾರಿ ಬಿಟ್ಟು ಜೀಪು ಕಾರ್ಕಳದ ರಸ್ತೆಗೆ ತಿರುಗಿತು. ಮುಂದೆ ನೌಶಾದ್, ಪಕ್ಕದಲ್ಲಿ ಉಸ್ಮಾನ್, ಹಿಂದೆ ಜುವೈರಿಯಾ. ಅವಳ ಹಿಂದೆ, ಗಾಜಿನಾಚೆ, ಕುಲುಕುತ್ತ ಬರುವ ಅವನ ಮನೆ. ಕನ್ನಡಿಯಲ್ಲಿ ಅವಳ ಮುಖವೂ ಮನೆಯೂ ಒಂದೇ ಚೌಕಟ್ಟಿನಲ್ಲಿ ಕಂಡವು. ಇದೇ ಸಾಕು, ಇಲ್ಲಿಂದಲೇ ವಾಪಸು ಹೋದರೂ ಆಗುತ್ತದೆ ಅನ್ನಿಸಿ ಮರುಕ್ಷಣವೇ ಹೆದರಿದ, ಹಾಗನ್ನಿಸಿದ್ದಕ್ಕೇ ಹಾಗಾಗಿಬಿಟ್ಟರೆ ಎಂದು. ಬೆಳ್ಮಣ್‌ನ ತಿರುವಿನಲ್ಲಿ ಬಾಗಿಲು ಎಡಕ್ಕೇ ಇದೆಯೇ ಎಂದು ಕತ್ತು ಹೊರಹಾಕಿ ನೋಡಿದ. "ಇದೆ ಭಾವ, ಇದೆ, ಇಳಿದು ಹೋಗ್ಲಿಲ್ಲ," ಅಂದ ನೌಶಾದ್. ಜುವೈರಿಯಾ ನಕ್ಕಳು. ಅವಳ ನಗು ಹಿಂದಿನಿಂದ ಕತ್ತಿಗೆ ತಾಗಿತು. ಅಬುಧಾಬಿಯಲ್ಲಿದ್ದಾಗ ಫೋನಿನಲ್ಲಿ ಇದೇ ನಗು ತಡವಾಗಿ ಬರುತ್ತಿತ್ತು. ಇವನು ತಮಾಷೆ ಹೇಳಿ ಮುಗಿಸಿ, ಬೇರೆ ವಿಷಯ ಶುರುಮಾಡಿದ ಮೇಲೆ ಬರುತ್ತಿತ್ತು, ಅಷ್ಟರಲ್ಲಿ ಯಾರೋ ಸತ್ತ ಸುದ್ದಿಯ ಮೇಲೆ ಅದು ಬೀಳುತ್ತಿತ್ತು. 'ನಿಮ್ಮ ರೂಮಿಂದ ಕಡಲು ಕಾಣ್ತದಾ?' ಕೇಳುತ್ತಿದ್ದಳು. 'ಕಾಣದೆ? ಕಿಟಕಿ ತೆಗೆದ್ರೆ ಕಡಲೇ.' ಕಿಟಕಿ ತೆಗೆದರೆ ಕಾಣುತ್ತಿದ್ದದ್ದು ಕಂಪನಿಯ ಕಾರ್ಮಿಕರ ಕ್ಯಾಂಪಿನ ಇನ್ನೊಂದು ಕ್ಯಾಬಿನ್ನಿನ ಏಸಿಯ ಹಿಂಭಾಗ, ಅದರಿಂದ ತೊಟ್ಟಿಕ್ಕುವ ನೀರು. ನೀರು ಅಂದರೆ ನೀರೇ ಅಲ್ಲವೇ. ಅದನ್ನು ಅವನು ಕಡಲೆಂದು ಹೇಳಿದ್ದ, ಅಷ್ಟೆ.

ಕಾರ್ಕಳದಲ್ಲಿ ಆನೆಕೆರೆಯ ಹತ್ತಿರ ನಿಲ್ಲಿಸಿದರು. ನೌಶಾದ್ ಚಹಾದಂಗಡಿ ಹುಡುಕಿಕೊಂಡು ಹೋದ. ಜುವೈರಿಯಾ ಚೀಲ ಎತ್ತಿಕೊಂಡು, "ಬಾಗಿಲು ತೆಗೀರಿ, ಹಾಸಿಗೆ ಸರಿ ಮಾಡಿ ಇಡ್ತೇನೆ," ಅಂದಳು. ಹಾಗೆ, ಯಾವ ಸಮಾರಂಭವೂ ಇಲ್ಲದೆ, ರಸ್ತೆ ಬದಿಯಲ್ಲಿ. ಉಸ್ಮಾನ್ ಕೀಲಿ ತಿರುಗಿಸಿದ. ಎಡಗಡೆಯ ಬಾಗಿಲು ತೆರೆಯಿತು. ಅವಳು ಮೆಟ್ಟಿಲು ಹತ್ತಿ ಬಲಗಾಲು ಒಳಗಿಟ್ಟಳು. ಅವನು ಕೆಳಗೆ ನಿಂತೇ, "ಬಾ, ಬಾ," ಅಂದ. ಅವಳು ಒಳಗೆ ಹೋಗಿಯಾಗಿತ್ತು.

ಅವನು ಹತ್ತಿ ನೋಡಿದ. ಚೀಲದಿಂದ ತೆಗೆದ ಹೊಸ ಹಾಸುಬಟ್ಟೆಯನ್ನು ಎರಡೂ ಕೈಗಳಲ್ಲಿ ಅಗಲಕ್ಕೆ ಹಿಡಿದು ಅವಳು ನಿಂತಿದ್ದಳು. ಹಳದಿ ಹೂಗಳ, ಜೋಡಿ ಮಂಚದ ಹಾಸು. ಎದುರಿಗೆ ಗೋಡೆಗಂಟಿಕೊಂಡು ಒಂದರ ಮೇಲೊಂದು ಎರಡು ಮಂಚ, ಒಬ್ಬೊಬ್ಬರೇ ಮಲಗುವಷ್ಟು ಅಗಲದವು. ನಡುವೆ ಕಬ್ಬಿಣದ ಏಣಿ.

"ಇದು ಎಂತ?"

ಎಂತ ಅಂದರೆ? ಮಂಚ. ಆಚಾರಿ ಮಂಚ ಹೇಗೆ ಬೇಕು ಅಂತ ಕೇಳಿದಾಗ ಉಸ್ಮಾನ್ ಯೋಚಿಸಿಯೇ ಇರಲಿಲ್ಲ. ಎರಡೂವರೆ ಅಡಿ ಅಗಲ, ಆರೂಕಾಲು ಉದ್ದ, ಮೇಲೊಂದು ಕೆಳಗೊಂದು, ತಲೆಯ ಹತ್ತಿರ ಟವೆಲಿಗೆ ಮೊಳೆ, ಕಾಲಿನ ಹತ್ತಿರ ಪೆಟ್ಟಿಗೆ ಇಡಲು ಜಾಗ. ಮಂಚ ಅಂದರೆ ಹಾಗೆ. ಆಚಾರಿ ಒಂದು ಸಲ ತಲೆಯೆತ್ತಿ ನೋಡಿ, ಮತ್ತೆ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡಿದ್ದ. ಈಗ ಹಳದಿ ಹೂಗಳ ಮೇಲಿಂದ ನೋಡಿದಾಗ ಮೊದಲ ಸಲ ಕಂಡಿತು. ಹೆಂಡತಿಯನ್ನು ಕರೆಯಲು ಕಟ್ಟಿದ ಮನೆಯಲ್ಲಿ ಅವನು ಕಂಪನಿಯ ಕ್ಯಾಂಪನ್ನೇ ಕಟ್ಟಿದ್ದ, ಮೊಳೆ ಸಮೇತ.

"ಅಲ್ಲಿ ಹೀಗೆಯಾ ಇದ್ದದ್ದು?" ಜುವೈರಿಯಾ ಕೇಳಿದಳು. ಜೋರಾಗಿ ಅಲ್ಲ.

"ಇದಕ್ಕಿಂತ ಸ್ವಲ್ಪ ದೊಡ್ಡದು."

"ನೀವು ಮೇಲೆಯಾ ಕೆಳಗೆಯಾ?"

"ಮೇಲೆ."

"ಕೆಳಗೆ?"

"ಬೇರೆ ಬೇರೆಯವರು. ಬರ್ತಿದ್ರು, ಹೋಗ್ತಿದ್ರು."

ಅವಳು ಮೇಲಿನ ಮಂಚದ ಅಂಚಿಗೆ ಕೈಯಿಟ್ಟು ಅಳೆದಳು, ಗೇಣು ಗೇಣಾಗಿ. "ನೌಶೀನ್ ಹುಟ್ಟಿದ ವರ್ಷ ಅಬುಧಾಬಿಗೆ ಬರ್ತಿದ್ದ ಹಾಜಬ್ಬನ ಮಗನ ಕೈಯಲ್ಲಿ ಒಂದು ಹಾಸು ಕಳಿಸಿದ್ದೆ. ನೀಲಿಯದ್ದು. ದೊಡ್ಡ ಮಂಚ ಉಂಟು ಅಂತ ನೀವು ಹೇಳಿದ್ದಿರಿ. ಉಡುಪಿಯಲ್ಲಿ ನಾಲ್ಕು ಅಂಗಡಿ ಸುತ್ತಿ ತಂದದ್ದು ನಾನು, ಹೊಟ್ಟೆಯಲ್ಲಿ ಎಂಟು ತಿಂಗಳು. ಎಂತ ಮಾಡಿದಿರಿ ಅದನ್ನು?"

ಹೇಳಬಹುದಿತ್ತು ಸುಳ್ಳು, ಅಭ್ಯಾಸವಿತ್ತು. "ಮಂಚದ ಸುತ್ತ ಕಟ್ಟಿಕೊಂಡಿದ್ದೆ," ಅಂದ. "ಪರದೆಯ ಹಾಗೆ. ಲೈಟು ಕಣ್ಣಿಗೆ ಹೊಡೀತಿತ್ತು."

ಅವಳು ಬೆನ್ನು ತಿರುಗಿಸಿದಳು. ಸಿಂಕಿನ ನಲ್ಲಿ ತಿರುಗಿಸಿ ಮುಚ್ಚಿದಳು. ಈಗ ಅಳುತ್ತಾಳೆ ಅಂದುಕೊಂಡ, ಅಳಲಿಲ್ಲ. ಈಗ ಬೈಯುತ್ತಾಳೆ ಅಂದುಕೊಂಡ. ಬೈದರೆ ಒಳ್ಳೆಯದಿತ್ತು, ಅತಿಥಿಗಳನ್ನು ಯಾರೂ ಬೈಯುವುದಿಲ್ಲ. "ಥೂ ನಿಮ್ಮ!" ಅಂದಳು ಕೊನೆಗೆ, ಗೋಡೆಯ ಕಡೆಗೆ. "ಇಪ್ಪತ್ತಾರು ವರ್ಷ ನನಗೆ ಕಡಲು ತೋರಿಸಿದಿರಲ್ಲ ಮಾರಾಯ್ರೆ. ನಾನು ಇಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದು. ನಮ್ಮವರಿಗೆ ಕಡಲಿನ ರೂಮು ಅಂತ." ಉಸ್ಮಾನ್ ಮೊಳೆಯನ್ನು ನೋಡುತ್ತ ನಿಂತ. ಅವಮಾನದ ಅಡಿಯಲ್ಲೆಲ್ಲೋ ಒಂದು ನಾಚಿಕೆಗೆಟ್ಟ ಸಂತೋಷ ಮಿಸುಕಿತು. ಅವಳು ಅವನ ಮೇಲೆ ಕೂಗಿದ್ದಳು, ಅವನ ಮನೆಯಲ್ಲಿ ನಿಂತು, ಮನೆಯ ಗಂಡಸಿನ ಮೇಲೆ ಕೂಗುವ ಹಾಗೆ.

ಅವಳು ಹಾಸನ್ನು ನಾಲ್ಕು ಮಡಿಕೆ ಮಾಡಿ ಕೆಳಗಿನ ಮಂಚಕ್ಕೆ ಹಾಸಿದಳು. ಮೂಲೆಗಳನ್ನು ಒತ್ತಿ ಸಿಕ್ಕಿಸಿದಳು. "ನಾನು ಕೆಳಗೆ," ಅಂದಳು. "ಏಣಿ ಹತ್ತಲಿಕ್ಕೆ ನನ್ನಿಂದ ಆಗುವುದಿಲ್ಲ. ಮತ್ತೆ ರಾತ್ರಿ ಅಡುಗೆ ನೀವೇ ಮಾಡಿ. ನಿಮ್ಮ ಮನೆ ಅಲ್ವಾ? ನಾನು ಕೈ ಹಾಕುವುದಿಲ್ಲ."

ಬಜಗೋಳಿ ದಾಟುವವರೆಗೂ ಉಸ್ಮಾನ್ ಅಡುಗೆ ಮಾಡುತ್ತಲೇ ಇದ್ದ. ತಲೆಯಲ್ಲಿ ಈರುಳ್ಳಿ ಹೆಚ್ಚಿದ, ಬಂಗುಡೆಗೆ ಮಸಾಲೆ ಹಚ್ಚಿದ, ಉಪ್ಪು ನೋಡಿದ. 'ನಿಮ್ಮ ಮನೆ ಅಲ್ವಾ?' ವ್ಯಂಗ್ಯವೋ ನಿಜವೋ? ಅರ್ಧ ವ್ಯಂಗ್ಯವಾದರೂ ಉಳಿದರ್ಧ ಉಂಟಲ್ಲ. ಆ ಅರ್ಧದಲ್ಲಿ ಒಂದು ಸಂಸಾರ ಮಾಡಬಹುದು. ನೌಶಾದ್ ಏನೋ ಕೇಳಿದ. "ಉಪ್ಪು ಸರಿ ಉಂಟು," ಅಂದ ಉಸ್ಮಾನ್. ನೌಶಾದ್ ಅಕ್ಕನ ಕಡೆ ಕನ್ನಡಿಯಲ್ಲಿ ನೋಡಿದ.

ಪಾರ್ಕಿನ ಗೇಟಿನಲ್ಲಿ ಒಂದು ಬಿದಿರಿನ ಅಡ್ಡಗಂಬ, ಒಂದು ಹಂಚಿನ ಶೆಡ್ಡು. ಶೆಡ್ಡಿನಲ್ಲಿ ರಿಜಿಸ್ಟರಿನ ಮುಂದೆ ಖಾಕಿ ಕೋಟು ತೊಟ್ಟ ಹೆಂಗಸು, ಎದೆಯ ಮೇಲೆ ಪ್ರಫುಲ್ಲಾ ಎಂಬ ಹೆಸರು. ಬುಕಿಂಗು ನೋಡಿದಳು, ಸರಿ. ಗುರುತಿನ ಚೀಟಿ ನೋಡಿದಳು, ಸರಿ. ಜೀಪಿನ ನಂಬರು ಬರೆದಳು. ಆಮೇಲೆ ಕನ್ನಡಕ ಏರಿಸಿ ಹೊರಗೆ ಬಂದು ಟ್ರೈಲರನ್ನು ಸುತ್ತು ಹಾಕಿದಳು.

"ಇದರೊಳಗೆ ಒಲೆ ಉಂಟಾ?"

"ಉಂಟು ಮೇಡಂ. ಎರಡು ಬರ್ನರಿನದ್ದು," ಅಂದ ಉಸ್ಮಾನ್.

"ನೀರು?"

"ಟ್ಯಾಂಕು ಉಂಟು. ಸಿಂಕು ಉಂಟು." ಇಷ್ಟು ಶ್ರದ್ಧೆಯಿಂದ ಈ ತನಕ ಯಾರೂ ಕೇಳಿರಲಿಲ್ಲ. ಅವನ ಎದೆ ಉಬ್ಬುತ್ತ ಬಂತು.

"ಮಲಗುವುದು ಇದರಲ್ಲೇ?"

"ಮತ್ತೆ? ನಾನು ಮತ್ತು ನನ್ನ ಹೆಂಡತಿ. ಬಾಗಿಲಿಗೆ ಒಳಗಿಂದ ಚಿಲಕ ಉಂಟು, ನೋಡಿ, ಭದ್ರ."

ಪ್ರಫುಲ್ಲಾ ಶೆಡ್ಡಿಗೆ ಮರಳಿ ಒಂದು ಫೈಲು ಬಿಚ್ಚಿ, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದಳು. "ಹಾಗಾದ್ರೆ ಬಿಡ್ಲಿಕ್ಕಾಗುವುದಿಲ್ಲ. ವಾಹನಕ್ಕೆ ಪರ್ಮಿಷನ್ ಉಂಟು, ಟೆಂಟಿಗೂ ಉಂಟು. ಇದು ಎರಡೂ ಅಲ್ಲ. ಒಲೆ, ನೀರು, ಮಲಗುವ ಜಾಗ, ಚಿಲಕದ ಬಾಗಿಲು, ನಾಲ್ಕೂ ಇದ್ರೆ ನಮ್ಮ ಲೆಕ್ಕದಲ್ಲಿ ಅದು ವಾಸದ ಮನೆ. ಪಾರ್ಕಿನ ಒಳಗೆ ಖಾಸಗಿ ಮನೆ ತರ್ಲಿಕ್ಕಿಲ್ಲ."

"ಮನೆಯಾ!" ನೌಶಾದ್ ನಕ್ಕುಬಿಟ್ಟ. "ಮೇಡಂ, ಇದು ತಗಡಿನ ಡಬ್ಬ. ಕೊಕ್ಕೆ ತೆಗೆದ್ರೆ ಜಾರಿಕೊಂಡು ಕಾರ್ಕಳಕ್ಕೆ ಹೋಗ್ತದೆ. ಮನೆಗೆ ಎಲ್ಲಿಯಾದ್ರೂ ಚಕ್ರ ಇರ್ತದಾ?"

"ಚಕ್ರದ ಬಗ್ಗೆ ಇದರಲ್ಲಿ ಬರೆದಿಲ್ಲ," ಅಂದಳು ಪ್ರಫುಲ್ಲಾ. ಕೆಟ್ಟವಳಲ್ಲ, ಒಂದು ಖಾಲಿ ಹಾಳೆ ಮುಂದೆ ತಳ್ಳಿದಳು. "ಒಂದು ಕೆಲಸ ಮಾಡಿ. ಇದು ಮನೆ ಅಲ್ಲ, ಸಾಮಾನು ಸಾಗಿಸುವ ಗಾಡಿ, ಇದರಲ್ಲಿ ಯಾರೂ ವಾಸ ಮಾಡುವುದಿಲ್ಲ ಅಂತ ಯಜಮಾನರು ಬರೆದು ಸೈನ್ ಮಾಡ್ಲಿ. ಪಾರ್ಕಿಂಗಿನಲ್ಲಿ ಸಂಜೆ ಐದರವರೆಗೆ ಬಿಡ್ತೇನೆ. ತೊರೆ ನೋಡಿಕೊಂಡು ಹೋಗಿ. ಮನೆಯವರನ್ನೂ ಕರ್ಕೊಂಡು ಬಂದಿದ್ದೀರಿ, ಪಾಪ."

ಯಜಮಾನರು. ಉಸ್ಮಾನ್ ಪೆನ್ನು ತೆಗೆದುಕೊಂಡ. ಬೆಳಗಿನಿಂದ, ಇಲ್ಲ, ವರ್ಷಗಳಿಂದ ಕಾದದ್ದನ್ನು ಒಬ್ಬ ಅಪರಿಚಿತ ಹೆಂಗಸು ಫೈಲು ನೋಡಿ ಅಂದುಬಿಟ್ಟಿದ್ದಳು. ಇದು ಮನೆ. ಇವರು ಯಜಮಾನರು. ಅಲ್ಲ ಎಂದು ಬರೆದರೆ ಒಳಗೆ ಹೋಗಬಹುದು. ಎರಡು ಸಾಲು. ಕ್ಯಾಂಪಿನ ರಿಜಿಸ್ಟರುಗಳಲ್ಲಿ ಓದದೆ ಎಷ್ಟಕ್ಕೆ ಸಹಿ ಹಾಕಿಲ್ಲ. ಇಪ್ಪತ್ತಾರು ವರ್ಷ ಫೋನಿನಲ್ಲಿ ಏನೇನು ಹೇಳಿಲ್ಲ. ತಿರುಗಿ ನೋಡಿದ. ಜೀಪಿನ ಕಿಟಕಿಯಲ್ಲಿ ಜುವೈರಿಯಾ ಕೈ ಆಡಿಸುತ್ತಿದ್ದಳು, ಬೇಗ ಬೇಗ ಅನ್ನುವ ಹಾಗೆ. ಅವಳಿಗೆ ಮಾತು ಕೇಳಿಸಿರಲಿಲ್ಲ. ಪೆನ್ನಿನ ತುದಿ ಹಾಳೆಗೆ ತಾಗಿ ಒಂದು ಚುಕ್ಕೆ ಮೂಡಿತು, ಚುಕ್ಕೆ ದೊಡ್ಡದಾಯಿತು.

"ಆಗುವುದಿಲ್ಲ ಮೇಡಂ," ಅಂದ. ಪೆನ್ನು ಕೆಳಗಿಟ್ಟ. "ಇದು ಮನೆಯೇ. ಬಿಡುವುದಿಲ್ಲ ಅಂತ ನೀವೇ ಬರೆದು ಕೊಡಿ. ಏಕೆ ಅಂತಲೂ ಬರೀರಿ."

"ಭಾವ, ಮರ್ಲಾ ನಿಮಗೆ, ತಲೆ ಕೆಟ್ಟಿತಾ?" ನೌಶಾದ್ ತೋಳು ಹಿಡಿದ. "ಒಂದು ಸೈನ್ ಹಾಕಿದ್ರೆ ಮುಗೀತಲ್ಲ!"

ಪ್ರಫುಲ್ಲಾ ಒಂದು ಸಲ ಅವನನ್ನು, ಒಂದು ಸಲ ಟ್ರೈಲರನ್ನು ನೋಡಿ, ಬುಕಿಂಗಿನ ಚೀಟಿಯ ಹಿಂಬದಿಯಲ್ಲಿ ಬರೆದಳು. ಸೀಲು ಒತ್ತಿದಳು, ಇಂಕು ಒಣಗಿತ್ತು, ಬಾಯಿಂದ ಹಬೆ ಊದಿ ಇನ್ನೊಮ್ಮೆ ಒತ್ತಿದಳು.

ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಉಸ್ಮಾನ್ ಜೀಪಿನ ಹತ್ತಿರ ಬಂದ. ಗಾಳಿಗೆ ಇಂಕು ಒಣಗಲೆಂದು ಸ್ವಲ್ಪ ಬೀಸಿ, ಕಿಟಕಿಯಿಂದ ಒಳಗೆ ಕೊಟ್ಟ. ಜುವೈರಿಯಾ ದೂರ ಹಿಡಿದು, ಹತ್ತಿರ ಹಿಡಿದು ಓದಿದಳು. 'ಉಸ್ಮಾನ್ ಎಂಬವರ ವಾಸದ ಮನೆ. ಪ್ರವೇಶವಿಲ್ಲ.'

"ನೋಡಿದೆಯಾ?" ಅಂದ. "ಮನೆ ಅಂತ ಬರೆದಿದ್ದಾರೆ. ನನ್ನ ಹೆಸರಿನಲ್ಲಿ."

ಅವಳು ಚೀಟಿ ಮಡಚಿದಳು. "ಹೌದು," ಅಂದಳು. "ಕೆಳಗೆ ಪ್ರವೇಶ ಇಲ್ಲ ಅಂತಲೂ ಬರೆದಿದ್ದಾರೆ." ಆಮೇಲೆ ತಮ್ಮನ ಕಡೆ ತಿರುಗಿ, "ಜೀಪು ತಿರುಗಿಸು ನೌಶಾದ್. ಅಮ್ಮನಿಗೆ ಫೋನ್ ಮಾಡು, ರಾತ್ರಿ ಊಟಕ್ಕೆ ಪುದಿಯಾಪ್ಲೆಯೂ ಇದ್ದಾರೆ ಅಂತ ಹೇಳು," ಅಂದಳು.